ಬ್ಯಾಟರ್‌ಸೀ ಚಿಮಣಿಯ ತುದಿಯಲ್ಲಿ

ಲಂಡನ್ನಿಗೆ ಹೋದವರು ಅರಮನೆಯನ್ನೂ ಸೇತುವೆಗಳನ್ನೂ ನೋಡಿ ಬರುವುದು ವಾಡಿಕೆ. ಚಿಮಣಿಯೊಂದನ್ನು ಏರಿ ಬಂದೆವೆಂದರೆ ನಗುವವರೇ ಹೆಚ್ಚು. ಆದರೂ ಡಿಸೆಂಬರಿನ ಒಂದು ಮಧ್ಯಾಹ್ನ ನಾನೂ ನನ್ನಾಕೆಯೂ ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿರುವ ಬ್ಯಾಟರ್‌ಸೀ ವಿದ್ಯುದಾಗಾರದ ಚಿಮಣಿಯೊಳಗೆ, ಗಾಜಿನ ಲಿಫ್ಟಿನಲ್ಲಿ ನಿಂತು, 109 ಮೀಟರು ಎತ್ತರಕ್ಕೆ ಏರಿದೆವು. 1933ರಲ್ಲಿ ದುಡಿಯತೊಡಗಿದ ಈ ಇಟ್ಟಿಗೆಯ ಮಹಾಸೌಧ 1983ರಲ್ಲಿ ಸ್ತಬ್ಧವಾಯಿತು. 2022ರಿಂದ ಅಂಗಡಿ, ಉಪಾಹಾರಗೃಹಗಳ ಬೀಡು. ಶಿಥಿಲವಾಗಿದ್ದ ಚಿಮಣಿಗಳನ್ನು ಕೆಡವಿ, ಅದೇ ಆಕಾರದಲ್ಲಿ ಮತ್ತೆ ಕಟ್ಟಿದ್ದಾರೆ. ಮಸಿಯ ಕುರುಹೂ ಇಲ್ಲ.

ಮಸಿಯ ಕಥೆ ನಾವು ಇಳಿದುಕೊಂಡಿದ್ದ ಮನೆಯ ವೃದ್ಧೆಗೆ ಗೊತ್ತು. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನ ಮೇಲೆ ಮಂಜು ಕವಿದು ಕುಳಿತಾಗ ಆಕೆ ಏಳು ವರುಷದ ಬಾಲೆ. ತಂದೆಯ ಕೋಟಿನ ಅಂಚು ಹಿಡಿದು ಶಾಲೆಯಿಂದ ಬಂದಳಂತೆ. ಚಾಚಿದ ಕೈ ತನಗೇ ಕಾಣುತ್ತಿರಲಿಲ್ಲವಂತೆ. ಆ ವಾರ ಹತ್ತಿದ ತಂದೆಯ ಕೆಮ್ಮು ಆಮೇಲೆ ಬಿಡಲೇ ಇಲ್ಲ. ಆಗ ಸತ್ತವರು ನಾಲ್ಕು ಸಾವಿರವೆಂದು ಲೆಕ್ಕ ಹಾಕಿದ್ದರು; ಈಚಿನ ಅಂದಾಜು ಹನ್ನೆರಡು ಸಾವಿರದಷ್ಟು. ಮನೆಗಳ ಅಗ್ಗಿಷ್ಟಿಕೆಯಿಂದಲೂ ವಿದ್ಯುದಾಗಾರಗಳಿಂದಲೂ ಹೊರಟ ಕಲ್ಲಿದ್ದಲ ಹೊಗೆಯಲ್ಲಿದ್ದ ಗಂಧಕದ ಅನಿಲವು ಮಂಜಿನ ಹನಿಗಳಲ್ಲಿ ಕರಗಿ ಗಂಧಕಾಮ್ಲವಾಗಿತ್ತು. ಜನ ಉಸಿರಾಡಿದ್ದು ಅದನ್ನು.

ಬ್ಯಾಟರ್‌ಸೀಯನ್ನು ಕಟ್ಟಿದವರು ಅಲಕ್ಷ್ಯ ಮಾಡಿದವರಲ್ಲ. ಥೇಮ್ಸ್ ನೀರಿಗೆ ಸೀಮೆಸುಣ್ಣ ಬೆರೆಸಿ ಹೊಗೆಯನ್ನು ತೊಳೆದೇ ಬಿಡುತ್ತಿದ್ದರು. ಗಂಧಕದ ಬಹುಪಾಲು ಅಲ್ಲಿಯೇ ಕಳೆಯುತ್ತಿತ್ತು. ಆದರೆ ಸ್ನಾನ ಮಾಡಿದ ಹೊಗೆ ತಣ್ಣಗಾಗಿ, ಮೇಲೇರಲಾರದೆ, ನೆರೆಯ ಬೀದಿಗಳಿಗೇ ಇಳಿದುಬರುತ್ತಿತ್ತು! ಮುಂದಿನ ಪೀಳಿಗೆಯ ಇಂಜಿನಿಯರರು ತೊಳೆಯುವ ಗೊಡವೆ ಬಿಟ್ಟರು. ಬಿಸಿ ಹೊಗೆಯನ್ನು ಇನ್ನೂರು ಮೀಟರಿಗೂ ಎತ್ತರದ ಚಿಮಣಿಗಳಿಂದ ಮುಗಿಲಿಗೆ ತೂರಿದರು. ಊರಿನ ಗಾಳಿ ಹಗುರಾಯಿತು.

ಮೇಲೆ ಹೋದ ಹೊಗೆ ಏನಾಯಿತು? ನಮ್ಮ ಅಡಿಗೆಮನೆಯ ಒಗ್ಗರಣೆಯ ಘಾಟು ನಡುಮನೆಗೆ ಬಂದರೂ ಘಾಟೇ. ಚಿಮಣಿಯ ಹೊಗೆ ಹಾಗಲ್ಲ, ದಾರಿಯಲ್ಲಿ ಬೇರೆಯೇ ವಸ್ತುವಾಗುತ್ತದೆ. ಬಿಸಿಲಿನ ಗಾಳಿಯಲ್ಲಿ ಗಂಧಕದ ಅನಿಲವು ದಿನಗಳ ಮೇಲೆ ಮೆಲ್ಲಗೆ ಆಮ್ಲವಾಗುತ್ತದೆ. ಮೋಡದ ಹನಿಯೊಳಗೆ ಸೇರಿತೋ, ಅದೇ ಕೆಲಸ ಬಹು ಬೇಗ ಮುಗಿಯುತ್ತದೆ. ಹೊಲಗೊಬ್ಬರದ ಅಮೋನಿಯಾ ಜೊತೆಗೂಡಿದರೆ ಕಣ್ಣಿಗೆ ಕಾಣದ ಲವಣದ ಕಣಗಳಾಗಿ, ವಾರಕಾಲ ತೇಲಿ, ಸಾವಿರಾರು ಕಿಲೋಮೀಟರು ಸಾಗುತ್ತವೆ. ಸಾರಜನಕದ ಅನಿಲಗಳದು ಇನ್ನೂ ವಿಚಿತ್ರ: ಚಿಮಣಿಯ ಬಳಿ ಓಜೋನನ್ನು ನುಂಗುತ್ತವೆ, ದೂರ ಹೋದ ಮೇಲೆ ಬಿಸಿಲಿನಲ್ಲಿ ಅದನ್ನೇ ಹುಟ್ಟಿಸುತ್ತವೆ.

ಆ ಸಂಜೆ ಟ್ರಫಾಲ್ಗರ್ ಚೌಕಕ್ಕೆ ಹೋದೆವು. ಮಹಾಯುದ್ಧದಲ್ಲಿ ದೊರೆತ ನೆರವಿಗೆ ಕೃತಜ್ಞತೆಯಾಗಿ ನಾರ್ವೆಯವರು 1947ರಿಂದ ಪ್ರತಿವರ್ಷ ಕಳುಹಿಸುವ ಕ್ರಿಸ್‌ಮಸ್ ಮರ ದೀಪ ಹೊತ್ತು ನಿಂತಿತ್ತು. ನನ್ನಾಕೆ ದೀಪಗಳನ್ನು ಮೆಚ್ಚುತ್ತಿದ್ದಳು. ನನಗೋ ಬೇರೆ ಯೋಚನೆ. ಮರ ಈ ಕಡೆಗೆ ಬರುತ್ತಿದ್ದ ಅವೇ ವರ್ಷಗಳಲ್ಲಿ, ಬ್ರಿಟನ್ನಿನ ಹೊಗೆ ಗಾಳಿಯೇರಿ ಆ ಕಡೆಗೆ ಹೋಗುತ್ತಿತ್ತು. ದಕ್ಷಿಣ ನಾರ್ವೆಯಲ್ಲಿ ಅದು ಹುಳಿಮಳೆಯಾಗಿ ಸುರಿಯಿತು. ಹುಳಿನೀರು ಮಣ್ಣಿನೊಳಗಿನ ಅಲ್ಯೂಮಿನಿಯಮ್ಮನ್ನು ಕರಗಿಸಿ ಕೆರೆಹೊಳೆಗಳಿಗೆ ತಂದಿತು. ಅದು ಮೀನಿನ ಕಿವಿರನ್ನು ಕೆಡಿಸಿತು. ಎಷ್ಟೋ ಸರೋವರಗಳು ಸ್ಫಟಿಕದಂತೆ ತಿಳಿಯಾದವು, ಒಳಗೆ ಮೀನೊಂದೂ ಇಲ್ಲದೆ. ನೆರೆಯ ಇತರ ದೇಶಗಳ ಹೊಗೆಯೂ ಅದರಲ್ಲಿತ್ತೆನ್ನಿ. ಆದರೆ ಗಂಧಕವನ್ನು ಶೇಕಡ 30ರಷ್ಟು ತಗ್ಗಿಸೋಣವೆಂದು 1985ರಲ್ಲಿ ಹಲವು ರಾಷ್ಟ್ರಗಳು ಒಪ್ಪಿದಾಗ ಬ್ರಿಟನ್ ಸಹಿ ಹಾಕಲಿಲ್ಲ. ಮರವನ್ನು ಮಾತ್ರ ಸ್ವೀಕರಿಸುತ್ತಲೇ ಇತ್ತು.

ಆಮೇಲೆ ತಡವಾಗಿಯಾದರೂ ಹೊಗೆ ತೊಳೆಯುವ ಯಂತ್ರಗಳು ಬಂದವು. ಅಲ್ಲಿನ ಕೊನೆಯ ಕಲ್ಲಿದ್ದಲ ವಿದ್ಯುದಾಗಾರ, ರಾಟ್‌ಕ್ಲಿಫ್‌ನದು, 2024ರ ಸೆಪ್ಟೆಂಬರ್ 30ರಂದು ಮುಚ್ಚಿತು.

ರಾತ್ರಿ ಮನೆಗೆ ಬಂದಾಗ ನದಿಯ ಕಡೆಯಿಂದ ತೆಳುವಾದ ಮಂಜು ಏಳುತ್ತಿತ್ತು. ಬರಿಯ ನೀರಿನ ಮಂಜು. ವೃದ್ಧೆ ಮಾತ್ರ ಎದ್ದು, ಒಂದೊಂದಾಗಿ ಕಿಟಕಿಗಳನ್ನೆಲ್ಲ ಮುಚ್ಚಿ ಬಂದರು.