ಸಂಗಮದಿಂದ ಮಂಗಳವೇಢೆಗೆ

ಕಳೆದ ಜ್ಯೇಷ್ಠಮಾಸದಲ್ಲಿ ನಾವು ಕೂಡಲಸಂಗಮದಿಂದ ಮಂಗಳವೇಢೆಯವರೆಗೆ ಪಯಣಿಸಿದೆವು. ಜೊತೆಗಿದ್ದವನು ಮಠದ ಉಚಿತ ಪ್ರಸಾದ ನಿಲಯದಲ್ಲಿದ್ದು ಬಿ.ಕಾಂ. ಮುಗಿಸಿದ ಒಬ್ಬ ತರುಣ. ಪಂಢರಪುರದ ಕಡೆಯ ಖಾಸಗಿ ಹಣಕಾಸು ಸಂಸ್ಥೆಯೊಂದು ಅವನಿಗೆ ಲೆಕ್ಕ ಬರೆಯುವ ಕೆಲಸ ಕೊಡುವುದಾಗಿ ಪತ್ರ ಕಳಿಸಿತ್ತು. ಸಹಿ ಮಾಡಿ ಒಪ್ಪಿಸಲು ಎರಡೇ ದಿನ ಉಳಿದಿದ್ದವು. ಮಂಗಳವೇಢೆ ಅದೇ ದಾರಿಯಲ್ಲಿರುವುದರಿಂದ ಬಹುದಿನದ ನಮ್ಮ ಆಸೆಯೂ ಈಡೇರಲೆಂದು ಹೊರಟೆವು.

ಕೃಷ್ಣೆ ಮಲಪ್ರಭೆಗಳು ಕೂಡುವಲ್ಲಿ, ನೀರಿನ ನಡುವೆ ಬಾವಿಯಂತೆ ಕಟ್ಟಿದ ಐಕ್ಯಮಂಟಪಕ್ಕೆ ಇಳಿದಾಗ ಹುಡುಗನು ಬಹಳ ಹೊತ್ತು ಮಾತಾಡಲಿಲ್ಲ. ಓದಿದ ಊರನ್ನು ಬಿಡುವ ಸಂಕಟ ಹೊಸದಲ್ಲ. ಹರಿಹರನ 'ಬಸವರಾಜದೇವರ ರಗಳೆ'ಯಲ್ಲಿ, ಬಿಜ್ಜಳನ ಮಂಗಳವಾಡಕ್ಕೆ ಹೋಗೆಂದು ಸಂಗಮನಾಥನು ಕನಸಿನಲ್ಲಿ ಅಪ್ಪಣೆ ಕೊಟ್ಟಾಗ ಬಸವಣ್ಣನವರು ಹಿಗ್ಗಲಿಲ್ಲ, ಅಗಲಿಕೆಗೆ ಕಳವಳಿಸಿದರು. ಅಲ್ಲಿ ಅವರಿಗೆ ಕಾದಿದ್ದುದೂ ಲೆಕ್ಕದ ಕೆಲಸವೇ.

ವಿಜಯಪುರ ದಾಟಿದ ಮೇಲೆ ಬರಿದಾದ ಎರೆಭೂಮಿ. ಇದು ಹಿಂಗಾರಿ ಜೋಳದ ನಾಡು. ಮಂಗಳವೇಢೆಯ ಜೋಳಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಬಸ್ಸಿನಲ್ಲಿ ಹುಡುಗನು ತನ್ನ ಪತ್ರವನ್ನು ನಮ್ಮ ಮುಂದೆ ಹಿಡಿದು, "ಸಹಿ ಮಾಡಿಬಿಡಲೇನ್ರಿ ಗುರುಗಳೆ?" ಎಂದು ಕೇಳಿದನು.

"ಓದಿದಿಯೇನು ತಮ್ಮಾ?"

"ಪಗಾರ ನೋಡೀನ್ರಿ."

ನಾವಿಬ್ಬರೂ ಕೂಡಿ ಓದಿದೆವು. ಆರು ತಿಂಗಳು ಪರೀಕ್ಷಾವಧಿ. ಎರಡು ವರ್ಷದೊಳಗೆ ಬಿಟ್ಟರೆ ಒಂದು ಲಕ್ಷ ರೂಪಾಯಿ ಕಟ್ಟಬೇಕು. ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಇನ್ನೊಂದು ಮಾತು: ಅಂಕಪಟ್ಟಿಗಳ ಮೂಲಪ್ರತಿಗಳನ್ನು ಸಂಸ್ಥೆಯಲ್ಲಿ ಒಪ್ಪಿಸತಕ್ಕದ್ದು. "ಬಾಂಡ್ ಅಂದರ ಬರೇ ಕಾಗದ ಅಂತಾರ್ರಿ ಗೆಳೆಯರು" ಎಂದನು. ಹಾಗೆ ನಂಬಬಾರದು. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾರ್ವಜನಿಕ ವಲಯದ ಬ್ಯಾಂಕೊಂದರ ಪ್ರಕರಣದಲ್ಲಿ, ಮೂರು ವರ್ಷ ತುಂಬುವ ಮೊದಲೇ ಬಿಟ್ಟುಹೋದ ಅಧಿಕಾರಿ 2 ಲಕ್ಷ ರೂಪಾಯಿ ಕೊಡಬೇಕೆಂಬ ಕರಾರನ್ನು ಎತ್ತಿಹಿಡಿದಿದೆ. ಎರಡು ವರ್ಷ ಇರಬಲ್ಲೆನೇ ಎಂಬುದನ್ನು ಅವನೇ ನಿಶ್ಚಯಿಸಬೇಕಾಗಿತ್ತು. ಅಂಕಪಟ್ಟಿಯ ಮಾತು ಬೇರೆ. ನಾಳೆ ಸರ್ಕಾರಿ ಪರೀಕ್ಷೆ ಪಾಸಾದರೆ ಮೂಲಪ್ರತಿಗಳನ್ನು ಯಾರ ಬಾಗಿಲಲ್ಲಿ ನಿಂತು ಬೇಡಬೇಕು?

"ಕೇಳಿದರ ಸಿಟ್ಟಾಗಿ ಕೆಲಸಾನೇ ಕೊಡದಿದ್ದರ?" ಮನೆಯಲ್ಲಿ ಸಾಲವಿತ್ತು, ತಂಗಿ ಇನ್ನೂ ಓದುತ್ತಿದ್ದಳು. ಅವನ ಭಯ ಸುಳ್ಳಾಗಿರಲಿಲ್ಲ.

ನಮಗೆ ನಮ್ಮ ತಾರುಣ್ಯ ನೆನಪಾಯಿತು. ಶಾಸ್ತ್ರಾಧ್ಯಯನ ಮುಗಿದ ವರ್ಷ ಪಾಠಶಾಲೆಯೊಂದರವರು ಕರೆದರು. ವೇತನದ ಮಾತೆತ್ತುವುದು ಅವಿನಯವೆಂದು ತಿಳಿದು ಶಲ್ಯ ಹೊದ್ದು ಹೊರಟುಬಿಟ್ಟೆವು. ಹನ್ನೊಂದು ತಿಂಗಳು ಊಟವೊಂದನ್ನುಳಿದು ಬೇರೇನೂ ದೊರೆಯಲಿಲ್ಲ. ಕೇಳಿದಾಗ ಬಂದ ಉತ್ತರ, "ನೀವು ಮೊದಲು ಹೇಳಲಿಲ್ಲವಲ್ಲ!" ತಾಯಿಯವರಿಗೆ ಸೀರೆಯೊಂದನ್ನು ಕೊಂಡೊಯ್ಯಲಾಗಲಿಲ್ಲ. ಮರುವರ್ಷ ಅವರು ಲಿಂಗೈಕ್ಯರಾದರು. ಇದನ್ನು ಹುಡುಗನಿಗೆ ಹೇಳಿದೆವು. ಹೇಳಬಾರದಾಗಿತ್ತೋ ಏನೋ, ಅವನು ಕಿಟಕಿಯತ್ತ ಮುಖ ತಿರುಗಿಸಿದನು.

ಮಂಗಳವೇಢೆ ಇಂದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ತಾಲ್ಲೂಕು ಸ್ಥಳ. ಸಂತೆಯಲ್ಲಿ ಮರಾಠಿಯ ನಡುವೆ ಕನ್ನಡವೂ ಕಿವಿಗೆ ಬೀಳುತ್ತದೆ. ಕಲಚುರಿ ಬಿಜ್ಜಳನ ರಾಜಧಾನಿಯ ವೈಭವವನ್ನು ಹುಡುಕಹೊರಟವರಿಗೆ ನಿರಾಶೆಯಾದೀತು. ಆದರೂ ಓಣಿಗಳಲ್ಲಿ ತಿರುಗುವಾಗ ರಗಳೆಯ ಪ್ರಸಂಗ ಕಣ್ಣಿಗೆ ಕಟ್ಟಿತು: ಹೊಸಬನಾದ ತರುಣನು ಕರಣಿಕರ ಬಳಿ ಕುಳಿತು, ಅವರ ಲೆಕ್ಕದಲ್ಲಿ ತಪ್ಪಿದೆಯೆಂದು ತೋರಿಸಿಕೊಟ್ಟುದು, ಅದರಿಂದಲೇ ಕೆಲಸ ದೊರೆತುದು. (1369ರ ಭೀಮಕವಿಯ 'ಬಸವಪುರಾಣ'ವಾದರೋ ಮಂತ್ರಿಯಾಗಿದ್ದ ಬಂಧು ಬಲದೇವನ ಮೂಲಕ ಆ ಪದವಿ ಬಂತೆನ್ನುತ್ತದೆ. ಬಂಧುಗಳ ದಾರಿಗಿಂತ ಲೆಕ್ಕದ ದಾರಿಯೇ ನಮಗೆ ಪ್ರಿಯ.) ಕೆಲಸ ಬೇಡಿ ಬಂದವನು ಮೊದಲ ದಿನವೇ ತಪ್ಪನ್ನು ತಪ್ಪೆಂದುದನ್ನು ಹರಿಹರನು ಅವಿನಯವೆಂದು ಎಣಿಸಲಿಲ್ಲ.

ಇದೇ ಊರಲ್ಲಿ ದಾಮಾಜಿಪಂತನ ಗುಡಿಯಿದೆ. 15ನೆಯ ಶತಮಾನದಲ್ಲಿ ಬೀದರದ ಬಹಮನಿ ಸುಲ್ತಾನನ ಅಧಿಕಾರಿಯಾಗಿದ್ದ ಆತನು ಬರಗಾಲದಲ್ಲಿ ಸರ್ಕಾರದ ಕಣಜವನ್ನೇ ಹಸಿದವರಿಗೆ ತೆರೆದನೆಂದೂ, ಆ ಧಾನ್ಯದ ಬೆಲೆಯನ್ನು ವಿಠ್ಠಲನೇ ಬಂದು ಕಟ್ಟಿದನೆಂದೂ ಕಥೆ. ಹುಡುಗನು ನಕ್ಕು, "ನನ್ನ ಒಂದು ಲಕ್ಷಾನೂ ಅವನೇ ಕಟ್ಟತಾನೇನ್ರಿ?" ಎಂದನು. ಅಂದು ಅವನು ನಕ್ಕಿದ್ದು ಆಗಲೇ ಮೊದಲು.

ಬಸ್‌ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ಅವನು ಆ ಸಂಸ್ಥೆಗೆ ಫೋನು ಮಾಡಿದನು. ಧ್ವನಿ ನಡುಗುತ್ತಿತ್ತು. ಎರಡು ವರ್ಷದ ಕರಾರಿಗೆ ಒಪ್ಪಿಗೆಯಿದೆ, ಮೂಲ ಅಂಕಪಟ್ಟಿಗಳನ್ನು ತೋರಿಸುವೆನು, ನಕಲುಗಳನ್ನು ಕೊಡುವೆನು, ಒಪ್ಪಿಸಲಾರೆನು ಎಂದನು. ಅತ್ತಲಿನವರು ತುಸು ಹೊತ್ತು ಕಾಯಿಸಿದರು. ಆ ಹೊತ್ತಿನಲ್ಲಿ ಪಂಢರಪುರದ ಒಂದು ಬಸ್ಸು ಹೊರಟೇ ಹೋಯಿತು. ಕೊನೆಗೆ, ನಕಲುಗಳಾದರೂ ನಡೆದೀತು, ಆ ಸಾಲನ್ನು ಹೊಡೆದುಹಾಕಿ ಸಹಿ ಮಾಡಿಸುವೆವು, ನಾಳೆ ಹತ್ತಕ್ಕೆ ಬನ್ನಿ ಎಂದರು.

ಮುಂದಿನ ಬಸ್ಸು ಬಂದಾಗ ಅವಸರದಲ್ಲಿ ಹತ್ತಿದವನು ಅವ್ವ ಕಟ್ಟಿಕೊಟ್ಟಿದ್ದ ರೊಟ್ಟಿಯ ಗಂಟನ್ನು ಬೆಂಚಿನ ಮೇಲೆಯೇ ಮರೆತಿದ್ದನು. ನಾವು ಓಡಿ ಅದನ್ನು ಕಿಟಕಿಯಿಂದ ಕೊಟ್ಟೆವು.