ಹೆಪ್ಪು

ರಾತ್ರಿ ಎಲ್ಲರ ಊಟವಾದ ಮೇಲೆ ಅವ್ವನಿಗೆ ಒಂದು ಕೆಲಸ ಉಳಿದಿರುತ್ತಿತ್ತು. ಕಾಯಿಸಿ ಆರಿದ ಹಾಲಿಗೆ ಕಿರುಬೆರಳು ಅದ್ದಿ ಬಿಸಿ ನೋಡುವಳು. ಆಮೇಲೆ ನಿನ್ನೆಯ ಮೊಸರನ್ನು ಅದರಲ್ಲಿ ಬಿಡುವಳು. ಬೇಸಿಗೆಯಲ್ಲಿ ಚಮಚದ ತುದಿಗೆ ಅಂಟಿದಷ್ಟು, ಮಳೆಗಾಲದಲ್ಲಿ ಚಮಚದ ತುಂಬ. ಅಳತೆ ಹೇಳಿಕೊಡು ಎಂದರೆ, “ಥಂಡಿ ದಿನಕ್ಕ ಹೆಪ್ಪು ಜಾಸ್ತಿ ಬೇಕು ತಮ್ಮಾ, ಅಷ್ಟ ತಿಳಕೊಂಡ್ರ ಸಾಕು” ಎನ್ನುತ್ತಿದ್ದಳು. ಎಂದಾದರೂ ಮನೆಯಲ್ಲಿ ಹೆಪ್ಪು ತೀರಿಹೋದರೆ ನಾನು ಬಟ್ಟಲು ಹಿಡಿದು ನೆರೆಮನೆಯ ಕಾಕುವಿನ ಬಳಿ ಓಡುತ್ತಿದ್ದೆ. ಆಕೆ ಮರಾಠಿಯಲ್ಲಿ ಅದನ್ನು ವಿರಜಣ ಎನ್ನುತ್ತಿದ್ದಳು. ಹೆಸರು ಬೇರೆಯಾದರೂ ಬೆಳಗಿನ ಮೊಸರು ಅದೇ.

ನಮ್ಮ ಬೀಡಿ ಖಾನಾಪುರ ತಾಲೂಕಿನ ಊರು. ಪಶ್ಚಿಮಕ್ಕೆ ಹೋದಂತೆ ಕಾಡು ದಟ್ಟವಾಗುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಮಳೆ ಹಿಡಿಯಿತೆಂದರೆ ಬಿಡುವುದೇ ಇಲ್ಲ. ಪೂರ್ವಕ್ಕೆ ಕಿತ್ತೂರು, ಬೈಲಹೊಂಗಲದ ಕಡೆ ನೆಲ ಬಯಲಾಗುತ್ತ, ಮಣ್ಣು ಕಪ್ಪಾಗುತ್ತ ಹೋಗುತ್ತದೆ. ಆ ಕಡೆ ಭತ್ತ, ಈ ಕಡೆ ಜೋಳ. ನಮ್ಮ ಮನೆಯಲ್ಲಿ ಮಧ್ಯಾಹ್ನ ರೊಟ್ಟಿ, ರಾತ್ರಿ ಅನ್ನ. ಎರಡಕ್ಕೂ ಮೊಸರು. ಎರಡು ಸೀಮೆಗಳ ನಡುವೆ ಹುಟ್ಟಿದವನಿಗೆ ಎರಡೂ ತನ್ನವೇ ಅನ್ನಿಸುತ್ತವೆ. ಆದರೂ ಹುಡುಗನಾಗಿದ್ದಾಗ ನನಗೆ ಬೇಕಾಗಿದ್ದದ್ದು ಇಲ್ಲಿ ಇಲ್ಲದ್ದು ಮಾತ್ರ.

ಮೊದಲ ಸಲ ಖಾನಾಪುರದಿಂದ ಗೋವೆಯ ರೈಲು ಹತ್ತಿದ್ದು ಇನ್ನೂ ಕಣ್ಣಮುಂದಿದೆ. ಲೋಂಡಾ ದಾಟಿತು, ಕ್ಯಾಸಲ್‌ರಾಕ್ ದಾಟಿತು, ರೈಲು ಘಟ್ಟ ಇಳಿಯತೊಡಗಿತು. ಸುರಂಗದ ಕತ್ತಲೆ, ಬೆಳಕು, ಮತ್ತೆ ಕತ್ತಲೆ. ಒಮ್ಮೆಲೇ ಕಿಟಕಿಯ ಪಕ್ಕದಲ್ಲೇ ದೂಧಸಾಗರ ಜಲಪಾತ. ಮುಖಕ್ಕೆ ನೀರ ಹನಿ ಸಿಡಿಯಿತು. ಸಂಜೆ ಕಡಲು ಕಂಡೆ. ಆ ಒಂದು ದಿನ ನನ್ನ ನೆನಪಿನಲ್ಲಿ ಒಂದು ತಿಂಗಳಷ್ಟು ಉದ್ದವಿದೆ. ಹೊಸದರ ಸೆಳೆತ ಇದೇ ಇರಬೇಕು: ಕಣ್ಣು, ಕಿವಿ, ಮೂಗು ಎಲ್ಲವೂ ಎಚ್ಚರವಾಗಿರುತ್ತವೆ, ಗಳಿಗೆ ಗಳಿಗೆಯೂ ಲೆಕ್ಕಕ್ಕೆ ಬರುತ್ತದೆ. ದಿನವೂ ನಡೆಯುವ ಓಣಿಯಲ್ಲಿ ಕಾಲು ತಾನೇ ನಡೆದುಬಿಡುತ್ತದೆ. ದಿನ ಕಳೆದದ್ದೇ ತಿಳಿಯುವುದಿಲ್ಲ.

ಆ ರುಚಿ ಹತ್ತಿದ ಮೇಲೆ ಊರು ಬಿಟ್ಟೆ. ವರ್ಷಕ್ಕೊಂದು ಊರು, ಹೊಸ ಕೋಣೆ, ಹೊಸ ಕೆಲಸ, ಹೊಸ ಗೆಳೆಯರು. ಮೊದಮೊದಲು ಎಲ್ಲವೂ ದೂಧಸಾಗರವೇ. ಬರಬರುತ್ತ ಒಂದೂ ಮನಸ್ಸಿನಲ್ಲಿ ನಿಲ್ಲದಾಯಿತು. ನೋಡಿದ್ದನ್ನು ಯಾರಿಗೆ ಹೇಳಲಿ, ಯಾವುದರ ಪಕ್ಕದಲ್ಲಿಟ್ಟು ನೋಡಲಿ ಎಂಬುದೇ ತಿಳಿಯುತ್ತಿರಲಿಲ್ಲ. ಹೆಪ್ಪು ಹಾಕದೆ ಇಟ್ಟ ಹಾಲಿನಂತೆ ದಿನಗಳು ಕೆಟ್ಟುಹೋಗುತ್ತಿದ್ದವು. ಹಾಗೆಂದು ಹಳೆಯದೊಂದನ್ನೇ ಹಿಡಿದು ಕೂತರೂ ನಡೆಯದು. ಹೊಸ ಹಾಲು ಬೀಳದ ಮೊಸರು ನಾಲ್ಕು ದಿನಕ್ಕೆ ಹುಳಿಬಡಿಯುತ್ತದೆ.

ಆ ದಿನಗಳಲ್ಲೇ ಕುಮಾರ ಗಂಧರ್ವರ ಹಾಡು ನನ್ನನ್ನು ಹಿಡಿದು ಕೂರಿಸಿತು. ಅವರು ನಮ್ಮ ಸೀಮೆಯವರು. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರಯ್ಯ ಕೊಂಕಾಳಿಮಠ. ಮುಂಬಯಿಯಲ್ಲಿ ಬಿ.ಆರ್. ದೇವಧರರ ಬಳಿ ಕಲಿತರು. ಕ್ಷಯ ತಗಲಿ, 1948ರಲ್ಲಿ ಮಧ್ಯಪ್ರದೇಶದ ದೇವಾಸಕ್ಕೆ ಹೋಗಿ ನೆಲೆಸಿದರು. ಹಾಡಬಾರದೆಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರಿಂದ ವರ್ಷಗಟ್ಟಲೆ ಸುಮ್ಮನೆ ಮಲಗಿದ್ದರು. ಆಗ ಮಾಳವದ ಜನಪದರ ಹಾಡು ಅವರ ಕಿವಿಗೆ ಬೀಳತೊಡಗಿತು. ಗುಣವಾಗಿ ಎದ್ದವರು ಆ ಧಾಟಿಗಳಿಂದ ಹೊಸ ರಾಗಗಳನ್ನೇ ಕಟ್ಟಿದರು. ಆ ಹಾಡು ಮಾಳವದ ದಾರಿಯಲ್ಲಿ ನಡೆದವರೆಲ್ಲರ ಕಿವಿಗೂ ಬಿದ್ದಿರುತ್ತದೆ. ಅದು ರಾಗವಾಗಿ ಕೂಡಿಕೊಂಡದ್ದು ಇವರೊಳಗೆ, ಏಕೆಂದರೆ ಇವರೊಳಗೆ ಹಳೆಯ ರಾಗಗಳ ಹೆಪ್ಪು ಇತ್ತು. ಹೊಸದನ್ನು ಒಳಗೆ ಬಿಟ್ಟುಕೊಳ್ಳುವವನಿಗೆ ತನ್ನದೆನ್ನುವುದು ಒಂದು ಚಮಚವಾದರೂ ಇರಬೇಕು ಎಂದು ನಾನು ಕಲಿತದ್ದು ಆ ದನಿಯಿಂದ.

ಊರಿಗೆ ಮರಳಿದೆ. ನಂದಗಡಕ್ಕೆ ಹೋದೆ. ಹುಡುಗನಾಗಿದ್ದಾಗ ಲೆಕ್ಕವಿಲ್ಲದಷ್ಟು ಸಲ ಕಂಡ ಜಾಗವೇ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ಅಲ್ಲಿ. ಸಮಾಧಿಯ ಆಲದ ಮರಕ್ಕೆ ಮಕ್ಕಳ ಫಲ ಬೇಡಿದವರು ತೊಟ್ಟಿಲು ಕಟ್ಟುತ್ತಾರೆ. ಸಾವಿನ ಜಾಗದಲ್ಲಿ ಹುಟ್ಟನ್ನು ಬೇಡುವ ಈ ನಂಬಿಕೆಯ ಮುಂದೆ ಅವತ್ತು ಬಹಳ ಹೊತ್ತು ನಿಂತೆ. ಅಷ್ಟು ಊರು ತಿರುಗಿ ಬಂದದ್ದಕ್ಕೇ ನನಗೆ ಆ ತೊಟ್ಟಿಲು ಕಂಡಿತು.

ಹೆಪ್ಪು ಎಷ್ಟು, ಹಾಲು ಎಷ್ಟು ಎಂದು ಬರೆದಿಟ್ಟ ಅಳತೆ ಯಾರ ಬಳಿಯೂ ಇಲ್ಲ. ಹರೆಯದ ಕಾವಿಗೆ ಹಳೆಯದು ಚಮಚದ ತುದಿಯಷ್ಟಿದ್ದರೂ ಆದೀತು. ದುಃಖ ಬಂದಾಗ, ಮೈ ಸೋತಾಗ, ಪರಿಚಿತ ಮುಖ, ಪರಿಚಿತ ಊಟ, ಪರಿಚಿತ ಮಾತು ಚಮಚ ತುಂಬ ಬೇಕು. ದಿನದಿನವೂ ಬೆರಳದ್ದಿ ನೋಡಿಕೊಳ್ಳಬೇಕು.

ಕಳೆದ ಮಳೆಗಾಲದಲ್ಲಿ ಅವ್ವ, “ನೀ ಹೇಳ್ತಿದ್ದೆಲ್ಲಾ, ಆ ಹಾಲಿನ ಸಮುದ್ರ, ನನಗ ತೋರಸ್ತೀಯೇನು?” ಎಂದಳು. ಎಪ್ಪತ್ತು ದಾಟಿದವಳನ್ನು ಕಿಟಕಿ ಪಕ್ಕ ಕೂರಿಸಿದೆ. ದೂಧಸಾಗರ ಬಂದಾಗ ಸೆರಗಿನಿಂದ ಮುಖ ಒರೆಸಿಕೊಳ್ಳುವುದನ್ನೂ ಮರೆತು ನೋಡಿದಳು. ನೀರು ಮರೆಯಾದ ಮೇಲೆ ನನ್ನ ಕೈ ಹಿಡಿದು ಅಂದಳು: “ಇಷ್ಟು ಹಾಲಿಗೆ ಹೆಪ್ಪು ಎಷ್ಟು ಬೇಕಾದೀತೋ ತಮ್ಮಾ!”