ಅಜ್ಜಿ ಸುಳ್ಳು ಹೇಳಲಿಲ್ಲ

ಬಾಣಸವಾಡಿಯ ಒಂದು ಮನೆ. ನರ್ಸಿಂಗ್ ಕೊನೆಯ ವರ್ಷದ ಹುಡುಗಿ ತನ್ನ ಸಂಶೋಧನೆಯ ಪ್ರಶ್ನಾವಳಿಯನ್ನು ಮೊದಲು ಅಜ್ಜಿಯ ಮುಂದೆಯೇ ಓದಿದಳು. ಅಜ್ಜಿಗೆ ಹಲವು ವರ್ಷಗಳಿಂದ ರಕ್ತದೊತ್ತಡ. ‘ಮಾತ್ರೆ ತೆಗೆದುಕೊಳ್ಳಲು ಎಂದಾದರೂ ಮರೆಯುತ್ತೀರಾ?’ ಎಂಬ ಪ್ರಶ್ನೆಗೆ ಅಜ್ಜಿ ‘ಇಲ್ಲ’ ಎಂದರು. ಎರಡು ವಾರ ಬಿಟ್ಟು ಕೇಳಿದಾಗಲೂ ‘ಇಲ್ಲ’.

ಹುಡುಗಿಗೆ ಸಂತೋಷವಾಯಿತು. ಮತ್ತೆ ಕೇಳಿದರೂ ಅದೇ ಉತ್ತರ ಬರುವುದು ಪ್ರಶ್ನೆಯ ವಿಶ್ವಾಸಾರ್ಹತೆಯ ಲಕ್ಷಣವೆಂದು ಅವಳು ಓದಿದ್ದಳು. ಆದರೆ ಮಾತ್ರೆಯ ಡಬ್ಬಿ ತೆಗೆದು ಎಣಿಸಿದರೆ, ತಿಂಗಳ 30 ಮಾತ್ರೆಗಳಲ್ಲಿ 6 ಹಾಗೇ ಉಳಿದಿದ್ದವು!

‘ಇದೇನಜ್ಜಿ?’

‘ಮರೆತಿದ್ದಲ್ಲ ಕಣೇ. ಶನಿವಾರ, ಏಕಾದಶಿ ನನಗೆ ಒಪ್ಪತ್ತು. ಆವತ್ತು ನುಂಗಿದ್ರೆ ತಲೆ ಸುತ್ತುತ್ತೆ. ಬೇಕಂತಲೇ ಬಿಟ್ಟೆ.’

ಅಜ್ಜಿ ಹೇಳಿದ್ದು ನಿಜ. ತಪ್ಪು ಪ್ರಶ್ನೆಯದು. ಅಂಗಡಿಯ ತಕ್ಕಡಿ ಪ್ರತಿ ಸಲವೂ ಕಿಲೋಗೆ 50 ಗ್ರಾಂ ಕಡಿಮೆ ತೂಗಿದರೆ ಅದರ ಮಾತು ಬದಲಾಗುವುದಿಲ್ಲ, ನಿಜ. ಆದರೆ ತೂಕ ಸರಿಯಲ್ಲ. ಮಾತು ಬದಲಾಗದಿರುವುದು ವಿಶ್ವಾಸಾರ್ಹತೆ. ಅಳೆಯಬೇಕಾದುದನ್ನೇ ಅಳೆಯುವುದು ಸಿಂಧುತ್ವ. ಮೊದಲನೆಯದಿದ್ದ ಮಾತ್ರಕ್ಕೆ ಎರಡನೆಯದು ಇರಬೇಕೆಂದಿಲ್ಲ.

ಅಮೆರಿಕದ ಡೊನಾಲ್ಡ್ ಮೊರಿಸ್ಕಿ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ ಇರುವುದು ನಾಲ್ಕೇ ಪ್ರಶ್ನೆ. ಮರೆವು, ಅಲಕ್ಷ್ಯ, ಗುಣವಾಯಿತೆಂದು ಬಿಡುವುದು, ಮಾತ್ರೆಯಿಂದ ತೊಂದರೆಯಾಯಿತೆಂದು ಬಿಡುವುದು ಇವನ್ನು ಅಲ್ಲಿ ಬೇರೆಬೇರೆಯಾಗಿ ಕೇಳಲಾಗಿದೆ. ಉತ್ತರಗಳನ್ನು ರೋಗಿಗಳ ರಕ್ತದೊತ್ತಡದೊಡನೆ ತಾಳೆ ನೋಡಲಾಯಿತು. ವಿಶ್ವ ಆರೋಗ್ಯ ಸಂಸ್ಥೆ ಮಾನಸಿಕ ತೊಂದರೆಗಳ ಕುರಿತು 15 ಕೇಂದ್ರಗಳಲ್ಲಿ ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಮ್ಮ ಬೆಂಗಳೂರೂ ಒಂದು ಕೇಂದ್ರ. ಅಲ್ಲಿಯೂ 12 ಪ್ರಶ್ನೆಗಳ ಉತ್ತರವನ್ನಷ್ಟೇ ನಂಬಿ ಕೂರಲಿಲ್ಲ. ವಿವರವಾದ ಸಂದರ್ಶನ ನಡೆಸಿ ಹೋಲಿಸಿ ನೋಡಿದರು.

ಇದು ಬರಿಯ ಅಂಕಗಳ ಮಾತಲ್ಲ. ಆ ‘ಇಲ್ಲ’ವನ್ನು ನಂಬಿದ ವೈದ್ಯರು, ಮಾತ್ರೆ ಸಾಲದೆಂದು ಪ್ರಮಾಣ ಹೆಚ್ಚಿಸಬಹುದು. ಆಗ ತಲೆಸುತ್ತು ಇನ್ನೂ ಹೆಚ್ಚಾಗಿ ಅಜ್ಜಿ ಎಲ್ಲಾದರೂ ಬಿದ್ದರೆ?

ಹುಡುಗಿ ಮೊದಲು ಅಜ್ಜಿಯನ್ನು ವೈದ್ಯರ ಬಳಿ ಕರೆದೊಯ್ದಳು. ಆಮೇಲೆ ಪ್ರಶ್ನೆ ತಿದ್ದಿದಳು: ‘ಕಳೆದ ವಾರ ಎಷ್ಟು ದಿನ ಮಾತ್ರೆ ಬಿಟ್ಟಿರಿ? ಏಕೆ?’

ತಂದೆತಾಯಿಯರಿಗೂ ಇದರಲ್ಲಿ ಒಂದು ಪಾಠವಿದೆ. ‘ಓದಿದೆಯಾ?’ ಎಂದು ದಿನವೂ ಕೇಳಿದರೆ ‘ಹೂಂ’ ಎಂಬ ಉತ್ತರ ದಿನವೂ ಬರುತ್ತದೆ. ‘ಇವತ್ತು ಏನು ಅರ್ಥವಾಗಲಿಲ್ಲ?’ ಎಂದು ಒಮ್ಮೆ ಕೇಳಿ ನೋಡಿ.